ಎರಡು ಬಾಟಲಿ ಕೇಳಿ: ಕ್ಯಾನ್ಸರಿನಂತೆ ಕಾಣುವ ಶ್ವಾಸಕೋಶದ ಸೋಂಕುಗಳು

(ಉಡುಪಿ ಕಡೆಯ ಒಂದು ಗ್ರಂಥಾಲಯದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ ಎಕ್ಸ್‌ರೇಗಳು ಇಲ್ಲಿಲ್ಲ. ಅವುಗಳ ಬದಲು ಅಲ್ಲಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಕ್ಸ್‌ರೇ ನೋಡಿಯಾಗಲಿ, ಸಿಟಿ ಸ್ಕ್ಯಾನ್ ನೋಡಿಯಾಗಲಿ, ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಪೆಟ್ ಸ್ಕ್ಯಾನ್ ನೋಡಿಯಾಗಲಿ, ಎದೆಯೊಳಗಿನ ಗಡ್ಡೆ ಕ್ಯಾನ್ಸರೇ ಎಂದು ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಅನುಮಾನ ಪಡಬಹುದು. ಬಲವಾಗಿಯೇ ಅನುಮಾನ ಪಡಬಹುದು. ಆದರೆ ಆ ಗಡ್ಡೆಯಿಂದ ಒಂದು ಚೂರು ತೆಗೆದು ನೋಡುವ ತನಕ ಅದು ಅನುಮಾನವೇ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ. ತೆಗೆದ ಚೂರನ್ನು ಎಲ್ಲಿಗೆ ಕಳಿಸುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸುತ್ತಮುತ್ತ ಓಡಾಡಿದವರಿಗೆ ಗೊತ್ತಿರುತ್ತದೆ. ಅಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹತ್ತಿರದಲ್ಲೇ ರಾಜೀವ್ ಗಾಂಧಿ ಎದೆ ರೋಗಗಳ ಸಂಸ್ಥೆಯೂ ಇದೆ. ಹಳಬರು ಅದನ್ನು ಈಗಲೂ ಟಿಬಿ ಸ್ಯಾನಿಟೋರಿಯಂ ಅನ್ನುತ್ತಾರೆ. ಎದೆಯಲ್ಲಿ ಗಡ್ಡೆ ಕಂಡವರ ಮನೆಯವರಿಗೆ ಮೊದಲು ಬರುವ ಪ್ರಶ್ನೆ ಇಷ್ಟೇ: ಯಾವ ಗೇಟಿನೊಳಗೆ ಹೋಗುವುದು?

ಟಿಬಿಯಂಥ ಸೋಂಕು, ಕ್ಯಾನ್ಸರ್, ಇವೆರಡು ಯಾಕೆ ಒಂದೇ ತರಹ ಕಾಣುತ್ತವೆ? ಎಕ್ಸ್‌ರೇಗೆ ಗೊತ್ತಾಗುವುದು ಒಂದೇ ಸಂಗತಿ. ಎಲ್ಲಿ ಗಾಳಿ ಇದೆಯೋ ಅಲ್ಲಿ ಕಪ್ಪು, ಗಾಳಿ ಇರಬೇಕಾದ ಕಡೆ ಬೇರೇನೋ ತುಂಬಿಕೊಂಡರೆ ಬಿಳಿ. ಆ ಬೇರೇನೋ ಕೀವು ಆಗಿರಬಹುದು, ರಕ್ತ, ನೀರು, ಶಿಲೀಂಧ್ರ ಅಥವಾ ಕ್ಯಾನ್ಸರ್ ಕಣಗಳೂ ಆಗಿರಬಹುದು. ಎಲ್ಲವೂ ಬಿಳಿಯೇ. ಸಿಟಿ ಸ್ಕ್ಯಾನ್ ಇನ್ನಷ್ಟು ಸೂಕ್ಷ್ಮವಾಗಿ ನೋಡುತ್ತದೆ, ಅಂಚು ನುಣುಪಾಗಿದೆಯಾ ಮುಳ್ಳುಮುಳ್ಳಾಗಿದೆಯಾ ಎಂದು ತೋರಿಸುತ್ತದೆ, ಸರಿ. ಮುಳ್ಳಿನಂಥ ಅಂಚು ಕಂಡರೆ ಕ್ಯಾನ್ಸರ್ ಅನುಮಾನ ಜಾಸ್ತಿ. ಆದರೆ ಟಿಬಿ ಗಂಟು ಒಣಗುತ್ತಾ ಸುತ್ತಲಿನ ಶ್ವಾಸಕೋಶವನ್ನು ಎಳೆದುಕೊಂಡಾಗಲೂ ಅಂಚು ಮುಳ್ಳುಮುಳ್ಳಾಗಿಯೇ ಕಾಣುತ್ತದೆ.

ಲಕ್ಷಣ ಕೇಳಿ ಬೇರ್ಪಡಿಸೋಣ ಅಂದರೆ ಅದೂ ಕಷ್ಟ. ವಾರಗಟ್ಟಲೆ ಕೆಮ್ಮು, ತೂಕ ಇಳಿಯುವುದು, ಊಟ ಸೇರದಿರುವುದು, ಕಫದಲ್ಲಿ ರಕ್ತ. ಎರಡಕ್ಕೂ ಇವೇ. ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ನಾವು ಟಿಬಿ ಕಡೆ ವಾಲುತ್ತೇವೆ. ಬೆರಳ ತುದಿ ದಪ್ಪವಾಗಿ ಉಗುರು ಉಬ್ಬಿದ್ದರೆ, ದನಿ ಒಡೆದು ವಾರಗಳಾದರೂ ಸರಿಹೋಗದಿದ್ದರೆ ಕ್ಯಾನ್ಸರ್ ಕಡೆ ವಾಲುತ್ತೇವೆ. ವಾಲುವುದಷ್ಟೇ. ಕ್ಯಾನ್ಸರಿಗೂ ಜ್ವರ ಬರುತ್ತದೆ, ಟಿಬಿಯಿಂದ ಎದೆಯೊಳಗೆ ಊದಿದ ಗ್ರಂಥಿಗಳು ಒತ್ತಿದರೂ ದನಿ ಒಡೆಯುತ್ತದೆ.

ನಮ್ಮ ದೇಶದಲ್ಲಿ ಕ್ಯಾನ್ಸರಿನ ವೇಷ ಹಾಕುವ ಸೋಂಕುಗಳಲ್ಲಿ ಮೊದಲನೆಯದು ಟಿಬಿ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಟಿಬಿ ಅಂದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ತೂತು ಎಂದು ಪುಸ್ತಕದಲ್ಲಿರುತ್ತದೆ. ಆದರೆ ಅದು ಒಂದೇ ಒಂದು ದುಂಡನೆಯ ಗಂಟಾಗಿಯೂ ಕೂರಬಹುದು. ಅದನ್ನು ಟ್ಯೂಬರ್ಕ್ಯುಲೋಮ ಅನ್ನುತ್ತೇವೆ. ದೇಹ ರೋಗಾಣುಗಳ ಸುತ್ತ ಬೇಲಿ ಕಟ್ಟಿ ಕೂರಿಸಿರುತ್ತದೆ. ಆ ಗಂಟು ಶ್ವಾಸನಾಳಕ್ಕೆ ತೆರೆದುಕೊಂಡಿರುವುದಿಲ್ಲ, ಹಾಗಾಗಿ ಕಫದಲ್ಲಿ ರೋಗಾಣು ಸಿಗುವುದು ಕಡಿಮೆ. ಕಫ ಪರೀಕ್ಷೆ ನೆಗೆಟಿವ್, ಎಕ್ಸ್‌ರೇಯಲ್ಲಿ ಗಂಟು, ರೋಗಿಗೆ ಅರವತ್ತು ವರ್ಷ, ಬೀಡಿ ಸೇದುವವರು. ಯಾರಾದರೂ ಕ್ಯಾನ್ಸರ್ ಅಂತಲೇ ಯೋಚನೆ ಮಾಡುತ್ತಾರೆ, ಅಲ್ವಾ? ತಪ್ಪೇನೂ ಇಲ್ಲ. ಯೋಚನೆಯಲ್ಲೇ ನಿಂತುಬಿಟ್ಟರೆ ತಪ್ಪು.

ಇನ್ನೊಂದು ರೂಪ ಶ್ವಾಸನಾಳದ ಒಳಗೇ ಆಗುವ ಟಿಬಿ. ದುರ್ಬೀನು, ಅಂದರೆ ಶ್ವಾಸನಾಳದೊಳಗೆ ಇಳಿಸಿ ನೋಡುವ ಕೊಳವೆ (ಬ್ರಾಂಕೋಸ್ಕೋಪ್), ಹಾಕಿ ನೋಡಿದರೆ ನಾಳದ ಒಳಗೆ ಮಾಂಸ ಬೆಳೆದ ಹಾಗೆ ಕಾಣುತ್ತದೆ. ಕಣ್ಣಾರೆ ಕಂಡರೂ ಹೇಳಲಾಗದು. ಅಲ್ಲಿಂದಲೂ ಚೂರು ತೆಗೆಯಲೇಬೇಕು.

ಈಗ ಪೆಟ್ ಸ್ಕ್ಯಾನ್ ವಿಷಯ. ಇದರ ಬಗ್ಗೆ ಜನರಲ್ಲಿ ಇರುವಷ್ಟು ನಂಬಿಕೆ ನನಗಿಲ್ಲ. ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆಯಂಥ ಒಂದು ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣ ಹೊಮ್ಮಿಸುವ ಪರಮಾಣು ಅಂಟಿಸಿರುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಯಾವ ಕಣ ಜಾಸ್ತಿ ಸಕ್ಕರೆ ತಿನ್ನುತ್ತದೋ ಅದು ಪರದೆಯಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಕಣ ಸಕ್ಕರೆ ಜಾಸ್ತಿ ತಿನ್ನುತ್ತದೆ, ನಿಜ. ಆದರೆ ಸೋಂಕಿನ ಜೊತೆ ಹೋರಾಡುತ್ತಿರುವ ನಮ್ಮದೇ ಬಿಳಿ ರಕ್ತಕಣಗಳೂ ಅಷ್ಟೇ ಹಸಿದಿರುತ್ತವೆ. ಹಾಗಾಗಿ ಟಿಬಿ ಗಂಟೂ ಹೊಳೆಯುತ್ತದೆ, ಶಿಲೀಂಧ್ರದ ಗಂಟೂ ಹೊಳೆಯುತ್ತದೆ. ಹೊಳಪಿಗೆ ಎಸ್‌ಯುವಿ ಅಂತ ಒಂದು ಅಂಕಿ ಕೊಡುತ್ತಾರೆ. ಅದು 2.5 ದಾಟಿದರೆ ಕ್ಯಾನ್ಸರ್ ಇರಬಹುದು ಎಂಬ ಲೆಕ್ಕ ಹಿಂದೆ ಚಾಲ್ತಿಯಲ್ಲಿತ್ತು. ಟಿಬಿ ಕಡಿಮೆ ಇರುವ ದೇಶಗಳಿಗೆ ಅದು ಒಂದು ಮಟ್ಟಿಗೆ ಸರಿ. ನಮ್ಮಲ್ಲಿ ಚುರುಕಾದ ಟಿಬಿ ಗಂಟು 8, 10 ಎಲ್ಲ ತೋರಿಸುತ್ತದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಆ ಅಂಕಿ ಹುಡುಕಿ ರಾತ್ರಿಯೆಲ್ಲ ನಿದ್ದೆಗೆಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಪೆಟ್ ಸ್ಕ್ಯಾನ್ ಬೇಡ ಅಂತ ಅಲ್ಲ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅದು ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಚೂರು ಎಲ್ಲಿಂದ ತೆಗೆಯುವುದು ಸುಲಭ ಎಂದು ತಿಳಿಯಲೂ ಬೇಕಾಗುತ್ತದೆ. ತೀರ್ಪು ಕೊಡಲು ಮಾತ್ರ ಅದನ್ನು ಕೂರಿಸಬಾರದು.

ಇಲ್ಲಿಯವರೆಗೆ ಸೋಂಕನ್ನು ಕ್ಯಾನ್ಸರ್ ಎಂದುಕೊಳ್ಳುವ ಮಾತಾಯಿತು. ನಮ್ಮ ಊರುಗಳಲ್ಲಿ ಉಲ್ಟಾ ಕೂಡ ಆಗುತ್ತದೆ. ಕ್ಯಾನ್ಸರನ್ನು ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು. ಇದರ ಬಗ್ಗೆ ಭಾರತದ ಹಲವು ಆಸ್ಪತ್ರೆಗಳ ವೈದ್ಯರು ಬರೆಯುತ್ತಲೇ ಬಂದಿದ್ದಾರೆ. ಯಾಕೆ ಹೀಗಾಗುತ್ತದೆ ಅಂದರೆ, ಟಿಬಿ ಎಲ್ಲೆಲ್ಲೂ ಇದೆ, ಮಾತ್ರೆ ಸರ್ಕಾರದಿಂದ ಉಚಿತ, ಬಯಾಪ್ಸಿ, ಅಂದರೆ ಚೂರು ತೆಗೆದು ನೋಡುವ ಸೌಲಭ್ಯ, ದೂರದ ಪಟ್ಟಣದಲ್ಲಿ. "ಎರಡು ತಿಂಗಳು ಟಿಬಿ ಮಾತ್ರೆ ಕೊಟ್ಟು ನೋಡೋಣ" ಅನ್ನುವುದು ಎಲ್ಲರಿಗೂ ಸುಲಭ. ರೋಗಿಗೂ ಸಮಾಧಾನ. ಒಂದು ಕಾಲದಲ್ಲಿ ಟಿಬಿ ಅಂದರೆ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈಗ ನಾವು "ಟಿಬಿ ಇರಬಹುದು" ಎಂದ ಕೂಡಲೇ ಮನೆಯವರು "ಅಬ್ಬ, ಬದುಕಿದೆವು" ಎಂದು ಕೈಮುಗಿಯುತ್ತಾರೆ. ಆ ಸಮಾಧಾನದಲ್ಲಿ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ.

"ಅವರು ಸಿಗರೇಟ್ ಮುಟ್ಟಿದವರಲ್ಲ, ಕ್ಯಾನ್ಸರ್ ಹೇಗೆ ಬರುತ್ತೆ?" ಎನ್ನುವ ವಾದವೂ ಇದೆ. ನಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಹೊಗೆ ಸೇದದವರೂ ತುಂಬಾ ಜನ, ಅದರಲ್ಲೂ ಹೆಂಗಸರು. ಹೊಗೆ ಸೇದುವುದು ಟಿಬಿಯ ಅಪಾಯವನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಬೀಡಿ ಸಿಗರೇಟಿನ ಲೆಕ್ಕ ಇಟ್ಟುಕೊಂಡು ಇದೋ ಅದೋ ಎಂದು ತೀರ್ಮಾನ ಮಾಡಲಾಗದು.

ಕ್ಯಾನ್ಸರ್ ಸೋಂಕಿನ ಹಿಂದೆ ಅಡಗಿ ಕೂರುವುದೂ ಉಂಟು. ಗಡ್ಡೆ ಶ್ವಾಸನಾಳವನ್ನು ಮುಚ್ಚುತ್ತದೆ. ಅದರಾಚೆಯ ಭಾಗದಲ್ಲಿ ಕಫ ಕಟ್ಟಿ ನ್ಯುಮೋನಿಯ ಆಗುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟರೆ ಜ್ವರ ಇಳಿಯುತ್ತದೆ, ಎಲ್ಲರಿಗೂ ಖುಷಿ. ಒಂದೆರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ನ್ಯುಮೋನಿಯ. ಅದೇ ಜಾಗದಲ್ಲಿ ಎರಡನೇ ಸಲ ಬಂತೆಂದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು, ಬೇಕಾದರೆ ದುರ್ಬೀನೂ ಹಾಕಿಸಬೇಕು. ಐವತ್ತು ದಾಟಿದವರಿಗೆ, ಸೇದುವ ಅಭ್ಯಾಸ ಇದ್ದವರಿಗೆ ನ್ಯುಮೋನಿಯ ಬಂದು ಹೋದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಸಿ. ಗುಣವಾಗಿದೆ ಎಂದು ಸುಮ್ನೆ ಕೂರಬೇಡಿ.

ಈಗ ನಮ್ಮ ಕರಾವಳಿಯ ವಿಷಯಕ್ಕೆ ಬರೋಣ. ಮೆಲಿಯಾಯ್ಡೋಸಿಸ್ ಎಂಬ ಹೆಸರು ಎಷ್ಟು ಜನ ಕೇಳಿದ್ದೀರಿ? (ಕೆಲವೇ ಕೈಗಳು ಮೇಲೆದ್ದವು.) ಉಡುಪಿ, ಮಣಿಪಾಲ, ಮಂಗಳೂರು ಕಡೆಯ ವೈದ್ಯರಿಗೆ ಇದು ಹೊಸತಲ್ಲ. ಮಳೆಗಾಲ ಶುರುವಾದ ಮೇಲೆ ಇದರ ರೋಗಿಗಳು ಬರುತ್ತಾರೆ. ಬರ್ಕೋಲ್ಡೇರಿಯ ಸ್ಯೂಡೋಮ್ಯಾಲಿ ಎಂಬ ಬ್ಯಾಕ್ಟೀರಿಯ ಮಣ್ಣಿನಲ್ಲಿ, ಗದ್ದೆಯ ಕೆಸರಿನಲ್ಲಿ ಇರುತ್ತದೆ. ಕಾಲಿನ ಗಾಯದಿಂದ ಒಳಗೆ ಹೋಗಬಹುದು. ಜೋರು ಗಾಳಿಮಳೆಯಲ್ಲಿ ಉಸಿರಿನ ಜೊತೆಯೂ ಹೋಗಬಹುದು. ಇದನ್ನು ಮೊದಲು ಗುರುತಿಸಿದ್ದು 1911ರ ಹೊತ್ತಿಗೆ ರಂಗೂನಿನಲ್ಲಿ. ಆಲ್ಫ್ರೆಡ್ ವಿಟ್‌ಮೋರ್ ಎಂಬ ಬ್ರಿಟಿಷ್ ವೈದ್ಯ, ಅವರ ಜೊತೆ ಸಿ. ಎಸ್. ಕೃಷ್ಣಸ್ವಾಮಿ. 1912ರಲ್ಲಿ ವರದಿ ಪ್ರಕಟಿಸಿದ್ದು ಇಬ್ಬರೂ ಸೇರಿ. ಕಾಯಿಲೆಗೆ ವಿಟ್‌ಮೋರ್ ಅವರ ಹೆಸರು ಅಂಟಿಕೊಂಡಿತು, ಕೃಷ್ಣಸ್ವಾಮಿ ಅವರನ್ನು ಎಲ್ಲರೂ ಮರೆತರು. ಅದಿರಲಿ.

ಇದು ಸಾಮಾನ್ಯವಾಗಿ ಹಿಡಿಯುವುದು ಸಕ್ಕರೆ ಕಾಯಿಲೆ ಇರುವವರನ್ನು, ಜಾಸ್ತಿ ಕುಡಿಯುವವರನ್ನು, ಕಿಡ್ನಿ ತೊಂದರೆ ಇರುವವರನ್ನು. ಒಮ್ಮೊಮ್ಮೆ ಭಾರೀ ಜ್ವರ, ನ್ಯುಮೋನಿಯ, ನಾಲ್ಕೇ ದಿನದಲ್ಲಿ ಐಸಿಯು. ಒಮ್ಮೊಮ್ಮೆ ಇದಕ್ಕೆ ತದ್ವಿರುದ್ಧ. ತಿಂಗಳುಗಟ್ಟಲೆ ಸಣ್ಣ ಜ್ವರ, ಕೆಮ್ಮು, ತೂಕ ಇಳಿಕೆ, ಶ್ವಾಸಕೋಶದಲ್ಲಿ ಒಂದು ಗಡ್ಡೆ, ಎದೆಯ ನಡುವೆ ಊದಿದ ಗ್ರಂಥಿಗಳು. ಹೊಟ್ಟೆಯ ಸ್ಕ್ಯಾನ್ ಮಾಡಿದರೆ ಯಕೃತ್ತಿನಲ್ಲಿ, ಗುಲ್ಮದಲ್ಲಿ ಸಣ್ಣ ಸಣ್ಣ ಗಂಟು. ಕಾಗದದ ಮೇಲೆ ನೋಡಿದರೆ ಇದು ಹರಡಿದ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. "ಮನೆಗೆ ಕರೆದುಕೊಂಡು ಹೋಗಿ" ಎನ್ನುವ ಹಂತ. ಆದರೆ ಅದು ಕೀವು. ಸರಿಯಾದ ಔಷಧ ಕೊಟ್ಟರೆ ಗುಣವಾಗುವ ಕೀವು.

ಔಷಧ ಮಾತ್ರ ಬೇರೆ. ಟಿಬಿ ಮಾತ್ರೆ ಇದಕ್ಕೆ ನಾಟುವುದಿಲ್ಲ, ಮೆಡಿಕಲ್ ಶಾಪಿನ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳೂ ಅಷ್ಟೇ. ಸೆಫ್ಟಾಜಿಡೀಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್ ಕನಿಷ್ಠ ಎರಡು ವಾರ, ಗಂಟುಗಳು ಇದ್ದರೆ ಇನ್ನೂ ಜಾಸ್ತಿ. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಸುಮಾರು ಮೂರು ತಿಂಗಳು. ಮಧ್ಯದಲ್ಲಿ ಬಿಟ್ಟರೆ ಮರಳಿ ಬರುತ್ತದೆ. ಲ್ಯಾಬಿನಲ್ಲೂ ಒಂದು ಎಡವಟ್ಟಾಗುತ್ತದೆ. ಕಲ್ಚರಿನಲ್ಲಿ, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆದ ಈ ಬ್ಯಾಕ್ಟೀರಿಯವನ್ನು ಅನುಭವ ಇಲ್ಲದವರು ಸ್ಯೂಡೋಮೊನಾಸ್ ಎಂಬ ಬೇರೊಂದು ಬ್ಯಾಕ್ಟೀರಿಯ ಎಂದುಕೊಳ್ಳಬಹುದು, ಇಲ್ಲವೇ ಹೊರಗಿನಿಂದ ಸೇರಿದ ಕೊಳೆ ಎಂದು ಬಿಸಾಡಬಹುದು. ಹಾಗಾಗಿ ಗದ್ದೆ ಕೆಲಸ ಮಾಡುವವರು, ಸಕ್ಕರೆ ಕಾಯಿಲೆ ಇರುವವರು ಆ ಎರಡು ಸಂಗತಿಗಳನ್ನೂ ಡಾಕ್ಟರಿಗೆ ತಾವಾಗಿ ಹೇಳಬೇಕು. ನಮ್ಮ ಕರಾವಳಿಯವರು ಬೆಂಗಳೂರಿಗೋ ಮುಂಬಯಿಗೋ ಹೋಗಿ ತೋರಿಸುವಾಗಲಂತೂ ಖಂಡಿತ ಹೇಳಬೇಕು. ಅಲ್ಲಿಯ ವೈದ್ಯರಿಗೆ ನೀವು ಜೂನ್ ತಿಂಗಳಲ್ಲಿ ಬರಿಗಾಲಲ್ಲಿ ನೇಜಿ ನೆಟ್ಟದ್ದು ಗೊತ್ತಿರುವುದಿಲ್ಲ.

ಇನ್ನು ಶಿಲೀಂಧ್ರಗಳು. ಹಿಂದೆ ಯಾವಾಗಲೋ ಟಿಬಿ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಹಳೇ ತೂತು ಉಳಿದಿರುತ್ತದೆ. ಅದರಲ್ಲಿ ಆಸ್ಪರ್‌ಜಿಲಸ್ ಎಂಬ ಬೂಸ್ಟು ಸೇರಿಕೊಂಡು ಉಂಡೆ ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ದುಂಡನೆಯ ಗಡ್ಡೆ, ಅದರ ಮೇಲ್ಗಡೆ ಅರ್ಧಚಂದ್ರದಂತೆ ಗಾಳಿಯ ಪಟ್ಟಿ. ಮಗುಚಿ ಮಲಗಿಸಿ ಸ್ಕ್ಯಾನ್ ಮಾಡಿದರೆ ಗಿಲಕಿಯೊಳಗಿನ ಕಾಳಿನಂತೆ ಉಂಡೆ ಕೆಳಕ್ಕೆ ಜಾರಿರುತ್ತದೆ. ಕ್ಯಾನ್ಸರ್ ಗಡ್ಡೆ ಹಾಗೆ ಜಾರುವುದಿಲ್ಲ. ಸುಲಭ ಅನಿಸುತ್ತದೆ, ಆದರೆ ಉಂಡೆ ಗೋಡೆಗೆ ಅಂಟಿಕೊಂಡಿದ್ದರೆ ಜಾರುವುದಿಲ್ಲ. ಹಳೇ ಗಾಯದ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವುದೂ ಉಂಟು. ಈ ಉಂಡೆಯಿಂದ ಕೆಲವೊಮ್ಮೆ ಬಾಯಿ ತುಂಬ ರಕ್ತ ಬರುತ್ತದೆ, ಜೀವಕ್ಕೇ ಅಪಾಯ. ಇದನ್ನು ಮತ್ತೆ ಟಿಬಿ ಎಂದುಕೊಂಡು ಎರಡನೇ ಸಲ, ಮೂರನೇ ಸಲ ಟಿಬಿ ಮಾತ್ರೆ ತಿಂದವರೂ ಇದ್ದಾರೆ.

ಇಲ್ಲಿ ಒಂದು ಮಾತು. ಹಿಂದೆ ಟಿಬಿ ಬಂದಿದ್ದನ್ನು ಜನ ಡಾಕ್ಟರ ಹತ್ತಿರವೂ ಮುಚ್ಚಿಡುತ್ತಾರೆ. ಮಗಳ ಮದುವೆ ಇದೆ, ಸೊಸೆ ಪಕ್ಕದಲ್ಲಿ ಕೂತಿದ್ದಾಳೆ, ಏನೋ ಒಂದು. ಸೊಸೆಯನ್ನು ಆಚೆ ಕಳಿಸಿ ಆದರೂ ಹೇಳಿ. ಆ ಒಂದು ಮಾತು ಗೊತ್ತಿದ್ದರೆ ನಾವು ಎಕ್ಸ್‌ರೇ ಓದುವ ರೀತಿಯೇ ಬೇರೆಯಾಗುತ್ತದೆ.

ಹಿಸ್ಟೋಪ್ಲಾಸ್ಮ ಇನ್ನೊಂದು ಶಿಲೀಂಧ್ರ. ಬಾವಲಿ ಮತ್ತು ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುತ್ತದೆ. ಅಮೆರಿಕದಲ್ಲಿ ಒಹಾಯೊ, ಮಿಸಿಸಿಪಿ ನದಿಗಳ ಬಯಲಿನಲ್ಲಿ ಇದು ಮಾಮೂಲು. ಅಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಇದರ ಹಳೇ ಗಂಟು ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಭಾರತದಲ್ಲಿ ಗಂಗಾ ಬಯಲಿನ ಕಡೆಯಿಂದ ಹೆಚ್ಚು ವರದಿಗಳಿವೆ. ಇದರ ಒಂದು ಚೇಷ್ಟೆ ಏನೆಂದರೆ, ಎರಡೂ ಕಿಡ್ನಿಗಳ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಊದಿಸುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಹರಡುವ ಜಾಗಗಳಲ್ಲಿ ಅದೂ ಒಂದು. ಶ್ವಾಸಕೋಶದಲ್ಲಿ ಗಂಟು, ಎರಡೂ ಅಡ್ರಿನಲ್ ದಪ್ಪ ಎಂದರೆ ಯಾರಿಗಾದರೂ ಕ್ಯಾನ್ಸರ್ ಹರಡಿದೆ ಅಂತಲೇ ಅನಿಸುತ್ತದೆ.

ಅರಿಜೋನ, ಕ್ಯಾಲಿಫೋರ್ನಿಯದ ಒಣ ಪ್ರದೇಶಗಳಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರ ಇದೆ. ಅಲ್ಲಿಯವರು ವ್ಯಾಲಿ ಫೀವರ್ ಅನ್ನುತ್ತಾರೆ. ಧೂಳಿನಲ್ಲಿ ಬರುತ್ತದೆ. ನಿಮ್ಮ ಮಕ್ಕಳು ಫೀನಿಕ್ಸ್ ಕಡೆ ಇದ್ದರೆ, ನೀವು ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಹೋಗಿ ಬಂದಿದ್ದರೆ, ಊರಿಗೆ ಬಂದ ಮೇಲೆ ಎಕ್ಸ್‌ರೇಯಲ್ಲಿ ಗಂಟು ಕಂಡರೆ, ಅಲ್ಲಿ ಹೋಗಿದ್ದನ್ನು ಹೇಳಿ. ಇಲ್ಲಿಯ ವೈದ್ಯರಿಗೆ ಅದು ತಕ್ಷಣ ಹೊಳೆಯುವ ಕಾಯಿಲೆ ಅಲ್ಲ. ಅದೇ ರೀತಿ ಅಮೆರಿಕಕ್ಕೆ ಹೋದ ನಮ್ಮವರಿಗೆ ಅಲ್ಲಿ ಗಂಟು ಕಂಡರೆ, ನಾನು ಭಾರತದಲ್ಲಿ ಬೆಳೆದವನು, ಮನೆಯಲ್ಲಿ ಅಜ್ಜನಿಗೆ ಟಿಬಿ ಇತ್ತು ಎಂದು ಹೇಳಬೇಕು. ಅಲ್ಲಿಯ ವೈದ್ಯರಿಗೆ ಟಿಬಿ ಮೊದಲು ನೆನಪಿಗೆ ಬರದಿರಬಹುದು.

ಉಳಿದವನ್ನು ಬೇಗ ಬೇಗ ಹೇಳುತ್ತೇನೆ. ನೊಕಾರ್ಡಿಯ ಎಂಬ ಬ್ಯಾಕ್ಟೀರಿಯ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಹೆಚ್ಚು. ಶ್ವಾಸಕೋಶದಿಂದ ಮಿದುಳಿಗೂ ಹೋಗುತ್ತದೆ. ಮಿದುಳಿಗೆ ಹರಡಿದ ಕ್ಯಾನ್ಸರ್ ಎಂದು ಮೋಸ ಹೋಗಲು ಇಷ್ಟು ಸಾಕು. ಆ್ಯಕ್ಟಿನೊಮೈಸಿಸ್ ಹುಳುಕು ಹಲ್ಲಿನ ಬಾಯಿಯಿಂದ ಇಳಿಯುತ್ತದೆ. ಶ್ವಾಸಕೋಶ ದಾಟಿ ಪಕ್ಕೆಲುಬು, ಚರ್ಮದವರೆಗೂ ಕೊರೆದುಕೊಂಡು ಹೋಗುತ್ತದೆ. ಇಷ್ಟು ಕ್ರೂರವಾಗಿ ಕೊರೆಯುವುದು ಕ್ಯಾನ್ಸರ್ ಮಾತ್ರ ಎಂದುಕೊಂಡರೆ ಕೆಟ್ಟೆವು. ಔಷಧ ನಮ್ಮ ಹಳೇ ಪೆನಿಸಿಲಿನ್, ಆರು ತಿಂಗಳಿಂದ ವರ್ಷದವರೆಗೆ. ಮಣಿಪುರ, ನಾಗಾಲ್ಯಾಂಡ್ ಕಡೆ ಸರಿಯಾಗಿ ಬೇಯಿಸದ ಏಡಿ ತಿಂದು ಶ್ವಾಸಕೋಶಕ್ಕೆ ಹುಳ ಸೇರುವ ಪ್ಯಾರಾಗೊನಿಮಸ್ ಕಾಯಿಲೆ ಇದೆ, ಕಫದಲ್ಲಿ ರಕ್ತ ಬರುತ್ತದೆ. ಕರಾವಳಿಯವರು ಗಾಬರಿಯಾಗಬೇಡಿ, ಇದು ಸಿಹಿನೀರಿನ ಏಡಿಯ ಮಾತು, ಮತ್ತು ಚೆನ್ನಾಗಿ ಬೇಯಿಸಿದರೆ ಭಯ ಇಲ್ಲ. ನಾಯಿಯ ಹೊಟ್ಟೆಯ ಲಾಡಿಹುಳದಿಂದ ಬರುವ ಹೈಡಾಟಿಡ್ ಗುಳ್ಳೆಯೂ ಒಂದಿದೆ. ದುಂಡಗೆ, ನೀರು ತುಂಬಿಕೊಂಡಿರುತ್ತದೆ. ಅದಕ್ಕೆ ಸೂಜಿ ಚುಚ್ಚಿ ನೀರು ಸೋರಿದರೆ ತೀವ್ರ ಅಲರ್ಜಿ ಆಗಬಹುದು. ಹಾಗಾಗಿ ಅನುಮಾನ ಇದ್ದರೆ ಸೂಜಿಗೆ ಮುಂಚೆ ಯೋಚಿಸುತ್ತೇವೆ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ನಿಮ್ಮ ಮನೆಯ ಬೀರುವಿನ ಮೇಲೆ ಇರುತ್ತದೆ. ಹಳೇ ಎಕ್ಸ್‌ರೇ. ಐದು ವರ್ಷದ ಹಿಂದೆ ಹರ್ನಿಯ ಆಪರೇಷನ್ನಿಗೆ ಮುಂಚೆ ತೆಗೆದದ್ದೋ, ಗಲ್ಫ್ ಕೆಲಸದ ಮೆಡಿಕಲ್ಲಿಗೆ ತೆಗೆದದ್ದೋ. ಅದರಲ್ಲೂ ಇದೇ ಗಂಟು ಇಷ್ಟೇ ಗಾತ್ರದಲ್ಲಿ ಇದ್ದರೆ ಅರ್ಧ ಚಿಂತೆ ಕಳೆಯಿತು. ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಇದ್ದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಬೆಳೆಯುವ ವೇಗವೂ ಒಂದು ಸುಳಿವು. ಶ್ವಾಸಕೋಶದ ಕ್ಯಾನ್ಸರ್ ಗಂಟು ಎರಡು ಪಟ್ಟಾಗಲು ಸಾಮಾನ್ಯವಾಗಿ ಒಂದು ತಿಂಗಳಿಂದ ಒಂದು ವರ್ಷದಷ್ಟು ಸಮಯ ಬೇಕು. ಒಂದೆರಡು ವಾರದಲ್ಲೇ ಎರಡು ಪಟ್ಟಾದರೆ ಸೋಂಕಿನ ಅನುಮಾನ ಜಾಸ್ತಿ. ಇಲ್ಲಿ ಎರಡು ಪಟ್ಟು ಅಂದರೆ ಘನ ಅಳತೆ. 10 ಮಿ.ಮೀ. ಅಗಲದ ಗಂಟು 12.6 ಮಿ.ಮೀ. ಆದರೆ ಸಾಕು, ಎರಡು ಪಟ್ಟಾಯಿತು. ಬರಿಗಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಅದಕ್ಕೇ ಒಂದೇ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ, ಸಿಡಿ ಇಟ್ಟುಕೊಳ್ಳಿ ಎಂದು ನಾವು ಗೋಗರೆಯುವುದು.

ಗಂಟು ತೀರಾ ಚಿಕ್ಕದಿದ್ದರೆ, ಅಂದರೆ 6 ಮಿ.ಮೀ.ಗಿಂತ ಕಡಿಮೆ ಇದ್ದು, ಹೊಗೆ ಸೇದುವ ಅಭ್ಯಾಸದಂಥ ಅಪಾಯದ ಕಾರಣಗಳು ಇಲ್ಲದಿದ್ದರೆ ಹೆಚ್ಚಿನ ಸಲ ಏನೂ ಮಾಡಬೇಕಿಲ್ಲ. 8 ಮಿ.ಮೀ. ದಾಟಿದರೆ ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್, ಪೆಟ್ ಅಥವಾ ಬಯಾಪ್ಸಿ. 3 ಸೆಂ.ಮೀ. ದಾಟಿದ್ದನ್ನು ಗಂಟು ಅನ್ನುವುದಿಲ್ಲ, ಗಡ್ಡೆ ಅನ್ನುತ್ತೇವೆ. ಅದನ್ನು ಕಾದು ನೋಡುವ ಪ್ರಶ್ನೆಯೇ ಇಲ್ಲ.

ಬಯಾಪ್ಸಿಗೆ ದಾರಿಗಳು ಹಲವು. ಗಂಟು ಎದೆಯ ಗೋಡೆಯ ಹತ್ತಿರ ಇದ್ದರೆ ಸಿಟಿ ಸ್ಕ್ಯಾನಿನಲ್ಲಿ ಗುರಿ ನೋಡಿ ಹೊರಗಿನಿಂದ ಸೂಜಿ. ನಡುವಿನಲ್ಲಿದ್ದರೆ ಬಾಯಿ ಅಥವಾ ಮೂಗಿನಿಂದ ದುರ್ಬೀನು. ಗ್ರಂಥಿಗಳು ಊದಿದ್ದರೆ ಇಬಸ್ ಎಂಬ ಸಾಧನ, ಅದರ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಇವೆಲ್ಲ ನಿಮ್ಮ ಡಾಕ್ಟರು ತೀರ್ಮಾನಿಸುವ ವಿಷಯ. ನೀವು ಕೇಳಬೇಕಾದದ್ದು ಬಾಟಲಿಯ ವಿಷಯ.

ತೆಗೆದ ಚೂರನ್ನು ಸಾಮಾನ್ಯವಾಗಿ ಫಾರ್ಮಲಿನ್ ಇರುವ ಬಾಟಲಿಗೆ ಹಾಕುತ್ತಾರೆ. ಫಾರ್ಮಲಿನ್ ಕಣಗಳನ್ನು ಹಾಗೇ ಹಿಡಿದಿಡುತ್ತದೆ, ಕ್ಯಾನ್ಸರ್ ಹುಡುಕಲು ಅದು ಬೇಕೇ ಬೇಕು. ಆದರೆ ಫಾರ್ಮಲಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಅದರಲ್ಲಿ ಬಿದ್ದ ಚೂರಿನಿಂದ ಕಲ್ಚರ್ ಬೆಳೆಸಲು ಆಗುವುದಿಲ್ಲ. ಟಿಬಿಯೋ, ಮೆಲಿಯಾಯ್ಡೋಸಿಸ್ಸೋ, ಶಿಲೀಂಧ್ರವೋ, ಯಾವ ಔಷಧಕ್ಕೆ ಬಗ್ಗುತ್ತದೋ, ಇವುಗಳ ಉತ್ತರಕ್ಕೆ ಇನ್ನೊಂದು ಚೂರು ಬರೀ ಸಲೈನ್ ಬಾಟಲಿಯಲ್ಲಿ ತಕ್ಷಣ ಮೈಕ್ರೋಬಯಾಲಜಿ ಲ್ಯಾಬಿಗೆ ಹೋಗಬೇಕು. ಕ್ಯಾನ್ಸರ್ ಎಂದು ಮನಸ್ಸಿನಲ್ಲಿ ಮೊದಲೇ ತೀರ್ಮಾನ ಮಾಡಿಕೊಂಡ ಕಡೆ ಈ ಎರಡನೇ ಬಾಟಲಿ ಮರೆತುಹೋಗುತ್ತದೆ. ಆಮೇಲೆ ಪೆಥಾಲಜಿಯವರು "ಇದು ಸೋಂಕಿನ ತರಹ ಕಾಣುತ್ತಿದೆ" ಎಂದು ಬರೆದಾಗ ಕಳಿಸಲು ಚೂರೇ ಇರುವುದಿಲ್ಲ. ಮತ್ತೆ ಸೂಜಿ, ಮತ್ತೆ ಖರ್ಚು, ಮತ್ತೆ ಎರಡು ವಾರ. ಬಯಾಪ್ಸಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಕೇಳಿ: "ಡಾಕ್ಟ್ರೇ, ಕಲ್ಚರಿಗೂ ಒಂದು ಚೂರು ಕಳಿಸುತ್ತೀರಾ?" ಇದಕ್ಕೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ.

ಆ ಚೂರಿನಲ್ಲಿ ಟಿಬಿ ಹುಡುಕಲು ಸಿಬಿನ್ಯಾಟ್ ಪರೀಕ್ಷೆ ಇದೆ. ಯಂತ್ರದಲ್ಲಿಟ್ಟ ಮೇಲೆ ಸುಮಾರು ಎರಡು ಗಂಟೆಯಲ್ಲಿ ಉತ್ತರ. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರವೂ ತಾಲ್ಲೂಕು ಮಟ್ಟದವರೆಗೆ ಬಂದಿದೆ. ಕಲ್ಚರಿಗೆ ಮಾತ್ರ ಆರು ವಾರದವರೆಗೆ ಕಾಯಬೇಕಾಗಬಹುದು.

ಸೋಂಕು ಇರುವವರಿಗೆ ಕ್ಯಾನ್ಸರ್ ಎಂದು ಕೀಮೋ ಕೊಟ್ಟರೆ ಏನಾಗುತ್ತದೆ? ಬಿಳಿ ರಕ್ತಕಣ ಕುಸಿಯುತ್ತದೆ, ಬೇಲಿ ಮುರಿಯುತ್ತದೆ, ಟಿಬಿ ಮೈಯೆಲ್ಲ ಹರಡುತ್ತದೆ. ಅದಕ್ಕೇ ಚೂರಿನ ರಿಪೋರ್ಟ್ ಇಲ್ಲದೆ ಕೀಮೋ ಶುರು ಮಾಡುವುದಿಲ್ಲ. ಆಪರೇಷನ್ ಮಾತ್ರ ಕೆಲವೊಮ್ಮೆ ಬಯಾಪ್ಸಿ ಇಲ್ಲದೆ ಮಾಡುವುದುಂಟು. ಆಗ ಗಂಟನ್ನಷ್ಟೇ ಮೊದಲು ತೆಗೆದು, ರೋಗಿ ಮೇಜಿನ ಮೇಲೆ ಇರುವಾಗಲೇ ಚೂರನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಟಿಬಿ ಎಂದು ಕಂಡರೆ ಶ್ವಾಸಕೋಶದ ಇಡೀ ಭಾಗ ತೆಗೆಯುವ ಅಗತ್ಯ ಬೀಳುವುದಿಲ್ಲ.

ಸಭಿಕರ ಕೆಲವು ಪ್ರಶ್ನೆಗಳು

"ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ, ಸಾರ್?"

ಎಲ್ಲ ಕಡೆ ಬರುವ ಪ್ರಶ್ನೆ ಇದು. ಶ್ವಾಸಕೋಶದ ಸೂಜಿ ಬಯಾಪ್ಸಿಯಲ್ಲಿ ಹಾಗಾಗುವುದು ಅತಿ ಅಪರೂಪ. ನಿಜವಾದ ತೊಂದರೆ ಬೇರೆ. ಕೆಲವರಿಗೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುತ್ತದೆ. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಸ್ವಲ್ಪ ರಕ್ತವೂ ಬರಬಹುದು. ಸೂಜಿ ಬೇಡ ಎಂದು ಮುಂದೂಡಿ ಕಳೆದುಕೊಂಡ ತಿಂಗಳುಗಳಲ್ಲಿ ಕ್ಯಾನ್ಸರ್ ಹರಡುತ್ತದೆ.

"ರಕ್ತ ಪರೀಕ್ಷೆಯಲ್ಲಿ ಗೊತ್ತಾಗಲ್ವಾ?"

ಮೈಯಲ್ಲಿ ಉರಿಯೂತ ಇದೆಯಾ ಎಂದು ತೋರಿಸುವ ಇಎಸ್‌ಆರ್ ಎರಡರಲ್ಲೂ ಏರುತ್ತದೆ. ಸಿಇಎ ಮುಂತಾದ, ಕ್ಯಾನ್ಸರಿನ ಸುಳಿವೆಂದು ರಕ್ತದಲ್ಲಿ ಅಳೆಯುವ ಮಾರ್ಕರ್‌ಗಳಿಂದ ಶ್ವಾಸಕೋಶದ ಕ್ಯಾನ್ಸರ್ ಇದೆ, ಇಲ್ಲ ಎಂದು ಹೇಳಲಾಗದು. ಟಿಬಿ ಪತ್ತೆಗೆಂದು ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಗಳು ಎಷ್ಟು ದಾರಿ ತಪ್ಪಿಸುತ್ತಿದ್ದವೆಂದರೆ ಸರ್ಕಾರ 2012ರಲ್ಲಿ ಅವನ್ನು ನಿಷೇಧಿಸಿತು. ಕೆಲವು ಶಿಲೀಂಧ್ರಗಳಿಗೆ ಒಳ್ಳೆಯ ರಕ್ತ ಪರೀಕ್ಷೆ ಇವೆ, ಆಸ್ಪರ್‌ಜಿಲಸ್, ಕ್ರಿಪ್ಟೋಕಾಕಸ್ ಇತ್ಯಾದಿ. ಅನುಮಾನ ಇದ್ದಾಗ ಮಾಡಿಸುತ್ತೇವೆ.

"ನಮ್ಮಮ್ಮನಿಗೆ ಟಿಬಿ ಮಾತ್ರೆ ಶುರುವಾಗಿ ಎರಡು ತಿಂಗಳಾಯ್ತು. ಗಡ್ಡೆ ಸ್ವಲ್ಪ ದೊಡ್ಡದಾಗಿದೆ ಅಂತಿದ್ದಾರೆ."

ಮೊದಲು ಒಂದು ಸಂಗತಿ ನೋಡಿ. ಟಿಬಿ ಅಂತ ಯಾವ ಆಧಾರದ ಮೇಲೆ ಹೇಳಿದ್ದು? ಕಫದಲ್ಲೋ ಚೂರಿನಲ್ಲೋ ರೋಗಾಣು ಸಿಕ್ಕಿತ್ತಾ? ಸಿಕ್ಕಿದ್ದರೆ ಅಷ್ಟು ಗಾಬರಿ ಬೇಡ. ಔಷಧ ಶುರುವಾದ ಮೊದಲ ತಿಂಗಳುಗಳಲ್ಲಿ ಟಿಬಿ ಗಂಟು, ಗ್ರಂಥಿಗಳು ತಾತ್ಕಾಲಿಕವಾಗಿ ಊದುವುದುಂಟು. ಮಾತ್ರೆಗೆ ಬಗ್ಗದ ಟಿಬಿಯೂ ಇರಬಹುದು, ಅದನ್ನೂ ಪರೀಕ್ಷೆ ಮಾಡಬೇಕು. ಬರೀ ಎಕ್ಸ್‌ರೇ ನೋಡಿ ಶುರು ಮಾಡಿದ್ದಾದರೆ ಇನ್ನು ಕಾಯಬೇಡಿ. ಈ ವಾರವೇ ಸಿಟಿ ಸ್ಕ್ಯಾನ್ ಮಾಡಿಸಿ, ಬಯಾಪ್ಸಿ ಆಗುವ ಕಡೆ ಕರೆದುಕೊಂಡು ಹೋಗಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

"ಎರಡೂ ಒಟ್ಟಿಗೆ ಇರಬಹುದಾ?"

ಇರಬಹುದು. ಕ್ಯಾನ್ಸರ್ ಇರುವವರಲ್ಲಿ ಶಕ್ತಿ ಕುಂದಿ ಹಳೇ ಟಿಬಿ ಏಳಬಹುದು. ಇನ್ನೊಂದು ತೊಡಕೂ ಇದೆ. ಕ್ಯಾನ್ಸರಿನ ಪಕ್ಕದ ಗ್ರಂಥಿಯಲ್ಲಿ ಕೆಲವೊಮ್ಮೆ ಟಿಬಿಯಲ್ಲಿ ಕಾಣುವಂಥದ್ದೇ ಗ್ರ್ಯಾನುಲೋಮ, ಅಂದರೆ ರಕ್ಷಣೆಯ ಕಣಗಳು ಗುಂಪುಗೂಡಿದ ಸಣ್ಣ ಗಂಟು, ಕಾಣುತ್ತದೆ, ರೋಗಾಣು ಇರುವುದಿಲ್ಲ. ಹಾಗಾಗಿ ಗ್ರಂಥಿಯ ರಿಪೋರ್ಟ್ ಒಂದನ್ನೇ ನಂಬಿ ಗಡ್ಡೆಯನ್ನು ಬಿಡುವುದಿಲ್ಲ.

"ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಕಣ ಇಲ್ಲ ಅಂತ ಬಂದಿದೆ. ಅಲ್ಲಿಗೆ ಮುಗೀತು, ಅಲ್ವಾ?"

ಮುಗಿಯಲಿಲ್ಲ. ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಎನ್ನುವುದರ ಜೊತೆಗೆ ಏನಿದೆ ಎಂದು ಬರೆದಿದ್ದಾರೆಯೇ ನೋಡಿ. ಟಿಬಿ ರೋಗಾಣು ಸಿಕ್ಕಿದೆ, ಶಿಲೀಂಧ್ರ ಸಿಕ್ಕಿದೆ ಎಂದಿದ್ದರೆ ಒಳ್ಳೆಯದು. ಅದಕ್ಕೆ ಔಷಧ ಕೊಟ್ಟು, ಒಂದೆರಡು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ಗಂಟು ಕರಗುತ್ತಿದೆಯಾ ನೋಡುತ್ತೇವೆ. ಬರೀ "ಉರಿಯೂತ", "ಸತ್ತ ಕಣಗಳು" ಎಂದಷ್ಟೇ ಇದ್ದರೆ ಸೂಜಿ ಗುರಿ ತಪ್ಪಿರಬಹುದು, ಅಥವಾ ಗಡ್ಡೆಯ ನಡುವಿನ ಕೊಳೆತ ಭಾಗಕ್ಕೆ ಚುಚ್ಚಿರಬಹುದು. ಅನುಮಾನ ಬಲವಾಗಿದ್ದರೆ ಎರಡನೇ ಸಲ ಚೂರು ತೆಗೆಯಬೇಕು, ಈ ಸಲ ಗಡ್ಡೆಯ ಅಂಚಿನಿಂದ. ಹೋಗುವಾಗ ಮೊದಲ ಸಲದ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಬೇರೆ ಪೆಥಾಲಜಿಸ್ಟ್ ಅದನ್ನೇ ಮತ್ತೊಮ್ಮೆ ನೋಡಬಹುದು.